ರೈಟ್ ಹೇಳುವವನು

೧೯೪೮ರಲ್ಲಿ ನಾನು ಶಾಲೆ ಬಿಟ್ಟೆ. ಆರನೆಯ ಕ್ಲಾಸಿಗೆ ಸೇರಿ ಎರಡು ತಿಂಗಳಾಗಿತ್ತಷ್ಟೆ. ಇಂಗ್ಲಿಷ್ ಪುಸ್ತಕದ ನಾಲ್ಕನೆಯ ಪುಟ ತಲುಪಿರಲಿಲ್ಲ. ಬಿಟ್ಟ ಕಾರಣ ಹೇಳಿ ಮರುಕ ಗಿಟ್ಟಿಸುವ ಆಸೆ ನನಗಿಲ್ಲ. ಮನೆಗೆ ದುಡಿಯುವ ಕೈ ಬೇಕಿತ್ತು, ನನ್ನ ಎರಡೂ ಕೈ ಗಟ್ಟಿಯಿದ್ದವು. ಕಟಪಾಡಿಯ ಒಂದು ಹೋಟೆಲಿನಲ್ಲಿ ಏಳು ವರ್ಷ ದೋಸೆಕಲ್ಲಿನ ಮುಂದೆ ನಿಂತೆ. ಆಮೇಲೆ ಕಂಡಕ್ಟರ್ ಲೈಸೆನ್ಸ್ ಮಾಡಿಸಿಕೊಂಡು ಬಸ್ಸು ಹತ್ತಿದವನು ಮೂವತ್ತಾರು ವರ್ಷ ಇಳಿಯಲಿಲ್ಲ.

ಇಂಗ್ಲಿಷ್ ಬಾರದ ನಾನು ಜೀವಮಾನದಲ್ಲಿ ಅತಿ ಹೆಚ್ಚು ಸಲ ಹೇಳಿದ ಶಬ್ದ ಇಂಗ್ಲಿಷಿನದೇ. ರೈಟ್. ದಿನಕ್ಕೆ ನೂರಾರು ಸಲ, ಮಳೆ ಬಿಸಿಲು ನೋಡದೆ, ಗಂಟಲು ಕಟ್ಟಿದ್ದಾಗ ಶುಂಠಿ ಅಗಿದುಕೊಂಡು ಹೇಳಿದ್ದೇನೆ. ಈಗ ಈ ಕೆಲಸಕ್ಕೆ ಸೇರುವ ಮಕ್ಕಳು ನನ್ನ ಹತ್ತಿರ ಬಂದು, ಟಿಕೆಟ್ ಹರಿಯುವುದು ಹೇಗೆ, ಚಿಲ್ಲರೆ ಜೋಡಿಸುವುದು ಹೇಗೆ ಎಂದು ಕೇಳುತ್ತಾರೆ. ಅದೆಲ್ಲ ಎರಡು ದಿನದ ವಿದ್ಯೆ. ರೈಟ್ ಹೇಳುವುದು ಹೇಗೆ ಎಂದು ಒಬ್ಬನೂ ಕೇಳುವುದಿಲ್ಲ. ಅದು ಬಾಯಿ ಇದ್ದವರಿಗೆಲ್ಲ ಬರುತ್ತದೆ ಎಂದು ಅವರು ತಿಳಿದಿದ್ದಾರೆ. ಈ ತಿಳುವಳಿಕೆಯ ಮೇಲೆ ನನಗೆ ಇರುವ ಸಿಟ್ಟನ್ನು ಇಳಿಸಿಕೊಳ್ಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮಾತುಕತೆ ನಡೆದದ್ದೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಹಾಕಿದ್ದೇನೆ.

ನನಗೆ ಕೆಲಸ ಕಲಿಸಿದವರು ಡ್ರೈವರ್ ಶೀನಣ್ಣ. ಮೊದಲ ವರ್ಷ ಉಡುಪಿಯಿಂದ ಮಣಿಪಾಲದ ಗುಡ್ಡ ಹತ್ತಿ ಕಾರ್ಕಳಕ್ಕೆ ಹೋಗುವ ಬಸ್ಸು ನಮ್ಮದು. ಮೂತಿ ಉದ್ದದ ಹಳೆಯ ಗಾಡಿ. ಡ್ರೈವರಿಗೆ ಬೇರೆಯೇ ಗೂಡು, ಹಿಂದೆ ಏನಾಗುತ್ತಿದೆ ಎಂದು ಅವರಿಗೆ ಕಾಣುವಂತಿರಲಿಲ್ಲ. ಬದಿಯ ಕನ್ನಡಿ ಇತ್ತು, ಅದರಲ್ಲಿ ಕಾಣುತ್ತಿದ್ದದ್ದು ಧೂಳು. ಮೊದಲ ದಿನವೇ ಅವರು ನನ್ನನ್ನು ನಿಲ್ಲಿಸಿ ಹೇಳಿದರು: "ನೋಡು ಸಂಜೀವ, ನಾನು ಹಿಂದೆ ತಿರುಗುವವನಲ್ಲ. ನಿನ್ನ ಬಾಯಿಂದ ರೈಟ್ ಬಂತು ಅಂದರೆ ಬಾಗಿಲಿನ ಹತ್ತಿರ ಒಂದು ಕಾಲೂ ಇಲ್ಲ, ಚಕ್ರದ ಹತ್ತಿರ ಒಂದು ನಾಯಿಯೂ ಇಲ್ಲ ಅಂತ ಲೆಕ್ಕ. ನಾನು ಕ್ಲಚ್ ಬಿಡುತ್ತೇನೆ. ಮತ್ತೆ ಎಂತ ಆದರೂ ಅದು ನಿನ್ನದು."

ರೈಟ್ ಎಂದರೆ ಹೊರಡು, ಹೋಲ್ಡಾನ್ ಎಂದರೆ ನಿಲ್ಲಿಸು. ಹೋಲ್ಡಾನನ್ನು ಯಾರು ಬೇಕಾದರೂ ಹೇಳಬಹುದು, ಸುಳ್ಳು ಹೋಲ್ಡಾನಿನಿಂದ ಯಾರ ಕಾಲೂ ಮುರಿಯುವುದಿಲ್ಲ. ರೈಟ್ ಮಾತ್ರ ಒಬ್ಬನ ಶಬ್ದ. ಇಷ್ಟೇ ವಿಷಯ. ಇದನ್ನು ನಮ್ಮ ಊರಿನವರ ತಲೆಗೆ ಹಾಕಲು ನನ್ನಿಂದ ಆಗಲಿಲ್ಲ.

ಏಕೆಂದರೆ ಆ ಶಬ್ದ ಅವರಿಗೆ ಎಷ್ಟು ರುಚಿಸಿತೆಂದರೆ, ಬಸ್ಸಿನಿಂದ ಇಳಿಯುವಾಗ ಅದನ್ನು ಜೇಬಿನಲ್ಲಿ ಹಾಕಿಕೊಂಡು ಮನೆಗೆ ಹೋದರು. ಹೋಟೆಲಿನಲ್ಲಿ ದೋಸೆ ಆದರೆ ಒಳಗಿನಿಂದ ರೈಟ್. ಮದುವೆಮನೆಯಲ್ಲಿ ಕೊನೆಯ ಪಂಕ್ತಿ ಎದ್ದರೆ ಅಡುಗೆಯವರು ಸೌಟು ಕೆಳಗಿಟ್ಟು ರೈಟ್. ಬೇಲಿ ಜಗಳದ ಪಂಚಾಯಿತಿ ಮುಗಿದರೆ ಹಿರಿಯರು ಶಾಲು ಕೊಡವಿ ರೈಟ್, ಏಳುವ. ಸೂಜಿ ಚುಚ್ಚಿದ ಕಂಪೌಂಡರ್ ಹತ್ತಿ ಒತ್ತಿ ರೈಟ್. ನನ್ನ ಅಮ್ಮ ಅನ್ನ ಬಸಿದು ಪಾತ್ರೆ ಇಳಿಸಿ ರೈಟ್ ಅಂದ ದಿನ ನಾನು ಊಟ ಬಿಟ್ಟು ಎದ್ದಿದ್ದೆ. ದಿನವಿಡೀ ಅದನ್ನೇ ಕೂಗಿ ಮನೆಗೆ ಬಂದವನಿಗೆ ಅಲ್ಲಿಯೂ ಅದೇ. ನೆರೆಮನೆಯ ಅಜ್ಜ ತೀರಿಕೊಂಡಾಗ ಚಟ್ಟ ಎತ್ತುವ ನಾಲ್ವರಲ್ಲಿ ಮುಂದಿನವನು ಹೆಗಲು ಕೊಟ್ಟು ರೈಟ್ ಎಂದ. ಉಳಿದ ಮೂವರೂ ನಡೆದರು. ಅಳುತ್ತಿದ್ದವರು ಯಾರಿಗೂ ಅದು ವಿಚಿತ್ರವೆನಿಸಲಿಲ್ಲ. ನನಗೆ ಮಾತ್ರ, ಅಜ್ಜನಿಗೂ ಒಂದು ಟಿಕೆಟ್ ಹರಿಯಬೇಕಿತ್ತೋ ಏನೋ ಎಂದು ಅನಿಸಿತು.

ಹೊರಗೆ ಹೇಳಿದರೆ ನನಗೇನೂ ನಷ್ಟವಿಲ್ಲ. ಬಸ್ಸಿನ ಒಳಗೆ ಹೇಳಲು ಶುರುಮಾಡಿದ್ದೇ ಕಷ್ಟವಾದದ್ದು. ಮಣಿಪಾಲದಲ್ಲಿ ಹತ್ತುವ ಕಾಲೇಜಿನ ಹುಡುಗರು ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟು ಹಾಡಿನಂತೆ ಎಳೆದು ಹೇಳುವರು. ಶಂಕರಪುರದ ಒಬ್ಬರು ಬಾಯಮ್ಮ, ಕೊಂಕಣಿ ಮನೆಯವರು, ಮಲ್ಲಿಗೆಯ ಅಟ್ಟೆಗಳನ್ನು, ಎಂದರೆ ಪೋಣಿಸಿದ ಹೂವಿನ ಕಟ್ಟುಗಳನ್ನು, ಬಾಳೆಲೆಯಲ್ಲಿ ಸುತ್ತಿ ಉಡುಪಿ ಸ್ಟ್ಯಾಂಡಿಗೆ ತಂದು ಡ್ರೈವರ ಪಕ್ಕದಲ್ಲಿ ಇಟ್ಟು, ಕೆಳಗಿಳಿದು, ಬಸ್ಸಿನ ತಗಡಿಗೆ ಎಮ್ಮೆಗೆ ತಟ್ಟುವಂತೆ ಎರಡು ತಟ್ಟಿ, "ರೈಟ್ ಬಾಬಾ, ಹೂ ಬಾಡುತ್ತದೆ" ಎನ್ನುವರು. ಹಿಂದಿನ ಬಾಗಿಲಲ್ಲಿ ಇನ್ನೂ ಮೂರು ಜನ ನೇತಾಡುತ್ತಿದ್ದರೂ ಅವರ ಕಣ್ಣಿಗೆ ಕಾಣುವುದು ಹೂವೊಂದೇ. ಆದರೆ ಶೀನಣ್ಣನಿಗೆ ಇವರ ದನಿಗಳ ಗುರುತು ಇತ್ತು. ಹುಡುಗರ ರೈಟಿಗೂ ಹೆಂಗಸರ ರೈಟಿಗೂ ಅವರು ಅಲುಗುತ್ತಿರಲಿಲ್ಲ. ನನ್ನದಕ್ಕೆ ಕಾಯುತ್ತಿದ್ದರು.

ಮೂರನೆಯ ವರ್ಷ ನಮ್ಮನ್ನು ಕಟಪಾಡಿ–ಕಾರ್ಕಳ ಬಸ್ಸಿಗೆ ಹಾಕಿದರು. ಕಾಪು, ಎರ್ಮಾಳು, ಪಡುಬಿದ್ರಿ, ಅಲ್ಲಿಂದ ಒಳಕ್ಕೆ ತಿರುಗಿ ಬೆಳ್ಮಣ್ಣು, ನಿಟ್ಟೆ. ಮಲ್ಲಿಗೆ ಮುಂದೆ, ಮೀನು ಮೇಲೆ. ಎರ್ಮಾಳಿನಲ್ಲಿ ಮೀನು ಮಾರುವ ಹೆಂಗಸರು ಆರೇಳು ಬುಟ್ಟಿಗಳೊಂದಿಗೆ ಕಾಯುತ್ತಿದ್ದರು. ಬುಟ್ಟಿಗಳನ್ನು ಬಸ್ಸಿನ ತಲೆಯ ಮೇಲೇರಿಸಿ ಕಟ್ಟುವುದು, ಒಬ್ಬೊಬ್ಬರ ಊರು ಬಂದಾಗ ಹತ್ತಿ ಇಳಿಸಿಕೊಡುವುದು, ಎರಡೂ ನನ್ನ ಕೆಲಸ. ಆ ಹೆಂಗಸರಲ್ಲಿ ಜಲಜಕ್ಕ ನಿಟ್ಟೆಯಲ್ಲಿ ಇಳಿಯುವವರು. ಈಗ ಅಲ್ಲಿ ಕಾಲೇಜು, ಹಾಸ್ಟೆಲು ಎಂದು ಊರೇ ಎದ್ದಿದೆ. ಆಗ ಇದ್ದದ್ದು ಒಂದು ಗೋಳಿಮರ, ಒಂದು ಚಾದಂಗಡಿ. ಬಾಯಿ ಜೋರಿನ ಹೆಂಗಸು. ನಾನು ಬುಟ್ಟಿ ಇಳಿಸುವುದು ಒಂದು ನಿಮಿಷ ತಡವಾದರೆ, ಮೇಲೆ ಮನೆ ಕಟ್ಟುತ್ತಿದ್ದೀಯಾ ಎಂದು ಕೇಳುವರು.

ಇನ್ನೊಬ್ಬರು ವಾಸುದೇವ ಮಾಸ್ಟ್ರು. ಕಾಪುವಿನಲ್ಲಿ ಹತ್ತಿ ಕಾರ್ಕಳದ ಕಡೆಯ ಒಂದು ಶಾಲೆಗೆ ಇಂಗ್ಲಿಷ್ ಕಲಿಸಲು ಹೋಗುವವರು. ಡ್ರೈವರ್ ಗೂಡಿನ ಹಿಂದಿನ ಸೀಟು ಅವರದು, ಯಾರೂ ಅದರಲ್ಲಿ ಕೂರುತ್ತಿರಲಿಲ್ಲ. ಬಸ್ಸು ಹೊರಟರೆ ನನಗೆ ಪಾಠ ಶುರು. ರೈಟ್ ಎಂದರೆ ಸರಿ ಎಂದು ಅರ್ಥ, ಬಲಬದಿ ಎಂದು ಅರ್ಥ, ಹಕ್ಕು ಎಂದೂ ಅರ್ಥ; ಹೊರಡು ಎಂದು ಯಾವ ಪುಸ್ತಕದಲ್ಲಿ ಉಂಟು, ತೋರಿಸು ನೋಡುವ ಎನ್ನುವರು. ಸುತ್ತಲಿನವರು ನಗುವರು. ಆರನೆಯ ಕ್ಲಾಸು ಮುಗಿಸದವನನ್ನು ಐವತ್ತು ಜನರ ಎದುರು ಬೆಂಚಿನ ಮೇಲೆ ನಿಲ್ಲಿಸಿದಂತೆ ಆಗುತ್ತಿತ್ತು. ಒಂದು ದಿನ ಸಾಕಾಗಿ ಹೇಳಿದೆ: "ಮಾಸ್ಟ್ರೇ, ನಿಮ್ಮ ಪುಸ್ತಕದಲ್ಲಿ ಎಷ್ಟು ಬೇಕಾದರೂ ಅರ್ಥ ಇರಲಿ. ಈ ಬಸ್ಸಿನಲ್ಲಿ ಒಂದೇ ಉಂಟು. ಹೇಳಿದ ಮೇಲೆ ಚಕ್ರ ತಿರುಗುತ್ತದೆ." ಅವರು ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡು ಪೇಪರು ಬಿಡಿಸಿದರು. ನಾನು ಗೆದ್ದೆ ಎಂದುಕೊಂಡೆ.

ಈಗ ನನ್ನ ತಪ್ಪಿನ ವಿಷಯ. ಇದನ್ನು ಹೇಳದೆ ಬೇರೆಯವರ ಮೇಲೆ ಕೂಗಾಡಿದರೆ ಅರ್ಥವಿಲ್ಲ.

ಬುಟ್ಟಿ ಇಳಿಸಲು ಹಿಂದಿನ ಏಣಿಯಿಂದ ಮೇಲೆ ಹತ್ತಬೇಕು. ಮೇಲಿನಿಂದ ಕೂಗಿದರೆ ಎಂಜಿನ್ ಸದ್ದಿಗೆ ಶೀನಣ್ಣನಿಗೆ ಕೇಳಿಸುವುದಿಲ್ಲ. ಆದ್ದರಿಂದ ಬುಟ್ಟಿ ಕೊಟ್ಟು, ಇಳಿದು, ಬಾಗಿಲಿಗೆ ಬಂದು, ಎರಡೂ ಬದಿ ನೋಡಿ, ರೈಟ್ ಹೇಳಿ, ಮುಂದಿನ ಊರಿನಲ್ಲಿ ಮತ್ತೆ ಹತ್ತಬೇಕು. ಬೆಳ್ಮಣ್ಣಿನಿಂದ ಕಾರ್ಕಳದವರೆಗೆ ಮೀನಿನವರು ಮೈಲಿಗೊಬ್ಬರು ಇಳಿಯುವವರು. ಬಸ್ಸು ದಿನಾ ತಡ. ಮಾಸ್ಟ್ರಿಗೆ ಮೊದಲ ಗಂಟೆ ತಪ್ಪುತ್ತಿತ್ತು, ಕೋರ್ಟಿಗೆ ಹೋಗುವವರು ಬೈಯುತ್ತಿದ್ದರು, ಬಸ್ಸಿನ ಮಾಲೀಕರು, ನಮ್ಮ ದಣಿಗಳು, ಹಿಂದೆ ಬರುವ ಬೇರೆ ಕಂಪೆನಿಯ ಬಸ್ಸು ನಮ್ಮನ್ನು ದಾಟಿತು ಎಂದು ರೇಗುತ್ತಿದ್ದರು. ನಾನೊಂದು ಉಪಾಯ ಮಾಡಿದೆ. ಮೇಲೆಯೇ ಕೂತು ಹೋಗುವುದು. ಬುಟ್ಟಿ ಕೊಟ್ಟ ಮೇಲೆ ತಗಡಿಗೆ ಎರಡು ಸಲ ಗುದ್ದುವುದು. ಒಳಗಿದ್ದವರು ಯಾರಾದರೂ ನನ್ನ ಪರವಾಗಿ ಶೀನಣ್ಣನಿಗೆ ರೈಟ್ ಹೇಳುವುದು. ಶೀನಣ್ಣನಿಗೆ ಇದು ಇಷ್ಟವಿರಲಿಲ್ಲ. ನಾನೇ ಒಪ್ಪಿಸಿದೆ. ಬಸ್ಸು ಹತ್ತು ನಿಮಿಷ ಬೇಗ ತಲುಪಿತು, ದಣಿಗಳು ಬೆನ್ನು ತಟ್ಟಿದರು. ನನ್ನ ತಲೆಯನ್ನು ನಾನೇ ಮೆಚ್ಚಿಕೊಂಡೆ.

ಒಂದು ತಿಂಗಳು ಒಳಗಿನವರು ಗುದ್ದಿಗೆ ಕಾದರು. ಆಮೇಲೆ ಬುಟ್ಟಿ ಕಿಟಕಿಯ ಎದುರು ಕೆಳಗಿಳಿದದ್ದು ಕಂಡರೆ ಸಾಕು, ಒಳಗಿನಿಂದ ಯಾರೋ ಹೇಳಿಬಿಡುತ್ತಿದ್ದರು. ನಾನು ಬೈದೆ. ಆದರೆ ಬೇಗ ಹೋಗುವುದು ನನಗೂ ಬೇಕಿತ್ತು. ಬೈದದ್ದು ಬಾಯಿಯಲ್ಲಿ ಮಾತ್ರ.

ಅರವತ್ತರ ನಂತರದ ಒಂದು ವರ್ಷ, ಮಳೆ ಮುಗಿದು ಬಂಗುಡೆ ಬರುವ ಕಾಲ. ನಿಟ್ಟೆಯಲ್ಲಿ ಜಲಜಕ್ಕನಿಗೆ ಬುಟ್ಟಿ ಕೊಟ್ಟೆ. ಅವರು ಅದನ್ನು ತಲೆಗೆ ಏರಿಸುವವರಿದ್ದರು. ತಲೆಯ ಮೇಲಿಡುವ ಬಟ್ಟೆಯ ಸಿಂಬಿ ಸೀಟಿನಲ್ಲೇ ಉಳಿದದ್ದು ನೆನಪಾಯಿತು. ಬುಟ್ಟಿಯನ್ನು ರಸ್ತೆಯ ಬದಿಗಿಟ್ಟು, ಸಿಂಬಿಗಾಗಿ ಫುಟ್‌ಬೋರ್ಡಿಗೆ ಒಂದು ಕಾಲಿಟ್ಟರು. ಇದನ್ನು ನಾನು ಮೇಲಿನಿಂದ ನೋಡುತ್ತಿದ್ದೆ. ನಾನು ಗುದ್ದಲಿಲ್ಲ. ಒಳಗಿನಿಂದ ಯಾರೋ ರೈಟ್ ಎಂದರು. ಬಸ್ಸು ಚಿಮ್ಮಿತು. ಮೇಲಿನಿಂದ ನನಗೆ ಜಲಜಕ್ಕನ ತಲೆ ಕಾಣುತ್ತಿತ್ತು, ಮತ್ತೆ ಕಾಣಲಿಲ್ಲ. ಹೋಲ್ಡಾನ್, ಹೋಲ್ಡಾನ್ ಎಂದು ಕೂಗುತ್ತಾ ತಗಡಿಗೆ ಬಡಿದೆ. ಇಪ್ಪತ್ತು ಮಾರು ಹೋಗಿ ಬಸ್ಸು ನಿಂತಿತು.

ಓಡಿ ಬಂದು ನೋಡಿದರೆ ರಸ್ತೆಯಲ್ಲಿ ಕೂತಿದ್ದರು. ಬಲಗೈ ಮಣಿಕಟ್ಟಿನಿಂದ ಕೆಳಗೆ ಬೇರೆಯೇ ದಿಕ್ಕಿಗೆ ತಿರುಗಿತ್ತು. ನನ್ನನ್ನು ಕಂಡು ಅವರು ಹೇಳಿದ ಮೊದಲ ಮಾತು, "ನನ್ನನ್ನು ಆಮೇಲೆ ನೋಡು ಮಾರಾಯ, ಬುಟ್ಟಿಗೆ ನಾಯಿ ಬಾಯಿ ಹಾಕುತ್ತಾ ಉಂಟು."

ಅದೇ ಬಸ್ಸಿನಲ್ಲಿ ಕಾರ್ಕಳದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ದಾರಿಯಲ್ಲಿ, ರೈಟ್ ಹೇಳಿದ್ದು ಯಾರು ಎಂದು ನಾನು ಬಸ್ಸಿನೊಳಗೆ ಎಲ್ಲರ ಎದುರು ನಿಂತು ಕೇಳಿದೆ. ಇಡೀ ಬಸ್ಸು ಕಿಟಕಿಯ ಹೊರಗೆ ನೋಡುತ್ತಿತ್ತು. ಮಾಸ್ಟ್ರೂ ನೋಡುತ್ತಿದ್ದರು. ಹಿಂದಿನ ದಿನದವರೆಗೆ ನಾನು ಬೇಡ ಬೇಡ ಎಂದರೂ ಹೇಳುತ್ತಿದ್ದ ನಲವತ್ತು ಬಾಯಿಗಳಲ್ಲಿ ಆ ದಿನ ಒಂದರಲ್ಲೂ ನಾಲಗೆ ಇರಲಿಲ್ಲ.

ಸಂಜೆ ಸ್ಟ್ಯಾಂಡಿನಲ್ಲಿ ಶೀನಣ್ಣ ಹಚ್ಚದ ಬೀಡಿ ಹಿಡಿದು ಕೂತಿದ್ದರು. ಯಾರ ದನಿ ಎಂದು ಕೇಳಿದೆ. "ನಿನ್ನದಲ್ಲ ಅಂತ ಕ್ಲಚ್ ಬಿಟ್ಟ ಮೇಲೆ ಗೊತ್ತಾಯಿತು," ಎಂದರು. "ಅಷ್ಟು ಚೆಂದದ ರೈಟ್ ನೀನು ಜನ್ಮದಲ್ಲಿ ಹೇಳಿದವನಲ್ಲ. ಅದು ಕಲಿತವರದ್ದು. ನನ್ನ ಕಿವಿಯ ಹಿಂದಿನಿಂದಲೇ ಬಂತು." ಅವರ ಕಿವಿಯ ಹಿಂದೆ ಎಂದರೆ ಯಾವ ಸೀಟು ಎಂದು ಇಬ್ಬರಿಗೂ ಗೊತ್ತಿತ್ತು.

ಬಸ್ಸು, ಲೈಸೆನ್ಸ್ ನೋಡಿಕೊಳ್ಳುವ ಸರಕಾರಿ ಬ್ರೇಕ್ ಇನ್‌ಸ್ಪೆಕ್ಟರ್ ಮಂಗಳೂರಿನಿಂದ ವಿಚಾರಣೆಗೆ ಬರುತ್ತಾರೆ ಎಂದು ಸುದ್ದಿಯಾಯಿತು. ನನ್ನ ಲೈಸೆನ್ಸ್ ಹೋಗಿಯೇ ಹೋಗುತ್ತದೆ ಎಂದು ಎಲ್ಲರೂ ಹೇಳಿದರು. ಲೈಸೆನ್ಸ್ ಇಲ್ಲದ ಕಂಡಕ್ಟರ್ ಎಂದರೆ ಮತ್ತೆ ದೋಸೆಕಲ್ಲು. ದಣಿಗಳು ನನ್ನನ್ನು ಶೆಡ್ಡಿಗೆ ಕರೆಸಿದರು. ಅಲ್ಲಿ ಮೇಜಿನ ಮೇಲೆ ಇಂಗ್ಲಿಷಿನಲ್ಲಿ ಬರೆದ ಒಂದು ಕಾಗದ ಇತ್ತು, ಮುತ್ತಿನಂಥ ಅಕ್ಷರ. ಪಕ್ಕದಲ್ಲಿ ಮಾಸ್ಟ್ರು ಕೂತಿದ್ದರು. ಬರೆದುಕೊಟ್ಟವರು ಅವರೇ. ರುಜು ಹಾಕು ಎಂದರು ದಣಿಗಳು. ಓದಿ ಹೇಳಿ ಎಂದೆ. ಮಾಸ್ಟ್ರು ಕನ್ನಡ ಮಾಡಿ ಓದಿದರು: ಚಲಿಸುತ್ತಿದ್ದ ಬಸ್ಸನ್ನು ಹೆಂಗಸು ಅವಸರದಿಂದ ಹತ್ತಲು ಹೋಗಿ ಬಿದ್ದಳು, ಕಂಡಕ್ಟರ್ ಬಾಗಿಲಲ್ಲಿದ್ದು ತಡೆದರೂ ಕೇಳಲಿಲ್ಲ. ಓದುವಾಗ ಅವರ ಕಣ್ಣು ಕಾಗದದಿಂದ ಮೇಲೇಳಲಿಲ್ಲ.

"ಇದರಲ್ಲಿ ರೈಟ್ ಹೇಳಿದವರು ಯಾರು ಅಂತ ಇಲ್ಲವಲ್ಲ ಮಾಸ್ಟ್ರೇ," ಎಂದೆ.

ದಣಿಗಳು ಮಧ್ಯೆ ಬಾಯಿ ಹಾಕಿ, ಅದೆಲ್ಲ ಬೇಡದ ಪಂಚಾಯಿತಿ, ನಾಳೆಯೊಳಗೆ ರುಜು ಆಗಬೇಕು ಎಂದರು. ಹೆಂಗಸಿನ ಕಡೆಗೂ ಗುಮಾಸ್ತನನ್ನು ಕಳುಹಿಸಿದ್ದೇನೆ ಎಂದೂ ಹೇಳಿದರು. ನಾನು ಕಾಗದ ಮಡಚಿ ಜೇಬಿಗೆ ಹಾಕಿಕೊಂಡು ಹೊರಬಿದ್ದೆ. ನಿಜ ಹೇಳಬೇಕೆಂದರೆ, ರುಜು ಹಾಕಿಬಿಡುವುದೆಂದು ಅರ್ಧ ಮನಸ್ಸು ಮಾಡಿದ್ದೆ. ಮನೆಯಲ್ಲಿ ಅಮ್ಮ, ತಂಗಿ ಇಬ್ಬರೂ ನನ್ನ ಸಂಬಳವನ್ನೇ ನಂಬಿದವರು.

ಮರುದಿನ ಬೆಳಿಗ್ಗೆ ಎರ್ಮಾಳಿಗೆ ಹೋದೆ. ಜಲಜಕ್ಕ ಅಂಗಳದಲ್ಲಿ ಬಲಗೈಗೆ ಪಟ್ಟಿ ಕಟ್ಟಿಕೊಂಡು ಕೂತು, ಎಡಗೈಯಲ್ಲಿ ಮೀನಿಗೆ ಉಪ್ಪು ಹಾಕುತ್ತಿದ್ದರು. ಗುಮಾಸ್ತ ಬಂದು ಹೋಗಿದ್ದ. ಅವನ ಕಾಗದ ಅಲ್ಲೇ ಕಲ್ಲಿನ ಕೆಳಗಿತ್ತು. ಅವರಿಗೆ ಅದನ್ನು ಓದಿ ಹೇಳಿದವರು ಯಾರೂ ಇಲ್ಲ. ಇದಕ್ಕೆ ಹೆಬ್ಬೆಟ್ಟು ಒತ್ತಿದರೆ ಸಂಜೀವನ ಲೈಸೆನ್ಸ್ ಉಳಿಯುತ್ತದೆ ಎಂದಷ್ಟೇ ಅವನು ಹೇಳಿದ್ದಂತೆ.

"ಬಲಗೈಯ ಹೆಬ್ಬೆಟ್ಟೇ ಬೇಕಾ, ಎಡಗೈಯದ್ದು ಆಗುತ್ತದಾ?" ಎಂದು ಕೇಳಿದರು. "ಕೇಳಿಕೊಂಡು ಬಾ ಮಾರಾಯ. ಒತ್ತಿಬಿಡುತ್ತೇನೆ. ನೀನು ಹೋದರೆ ಹೊಸಬ ಬರುತ್ತಾನೆ, ಅವನು ಬುಟ್ಟಿ ಮುಟ್ಟುವುದಿಲ್ಲ, ವಾಸನೆ ಅನ್ನುತ್ತಾನೆ."

ನನ್ನ ಕಾಗದದ ಹಾಗೆ ಇದರಲ್ಲೂ ನಿಮ್ಮದೇ ತಪ್ಪು ಅಂತ ಬರೆದಿರಬೇಕು ಎಂದೆ. ಅವರು ಉಪ್ಪು ಹಾಕುವ ಕೈ ನಿಲ್ಲಿಸಿ ನನ್ನನ್ನು ನೋಡಿದರು. ಆಮೇಲೆ, "ಕೈ ಮುರಿದದ್ದೂ ನನ್ನದು, ತಪ್ಪೂ ನನ್ನದಾ? ಹಾಗಾದರೆ ನಿಮ್ಮದು ಎಂತ ಉಂಟು ಅದರಲ್ಲಿ?" ಎಂದರು. ಬೈಗುಳದ ದನಿಯಲ್ಲಿ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ಸುಮ್ಮನೆ ಕೇಳಿದರು. ನಾನು ಕಲ್ಲಿನ ಕೆಳಗಿದ್ದ ಕಾಗದ ತೆಗೆದು ನನ್ನದರ ಜೊತೆ ಹರಿದು ಮೀನಿನ ನೀರಿನಲ್ಲಿ ಹಾಕಿದೆ.

ಇನ್‌ಸ್ಪೆಕ್ಟರು ಕಾಪುವಿನ ಪ್ರವಾಸಿ ಬಂಗಲೆಯಲ್ಲಿ ವಿಚಾರಣೆ ಮಾಡಿದರು. ದಣಿಗಳು ಇದ್ದರು, ಶೀನಣ್ಣ ಇದ್ದರು, ಸಾಕ್ಷಿ ಹೇಳಲು ಮಾಸ್ಟ್ರೂ ಬಂದು ಬೆಂಚಿನ ತುದಿಯಲ್ಲಿ ಕೊಡೆ ಹಿಡಿದುಕೊಂಡು ಕೂತಿದ್ದರು. ರೈಟ್ ಹೇಳಿದ್ದು ಯಾರು ಎಂದು ಇನ್‌ಸ್ಪೆಕ್ಟರು ಮೊದಲೇ ಕೇಳಿದರು. ನಾನು ಮಾಸ್ಟ್ರನ್ನು ನೋಡಲಿಲ್ಲ. ನೋಡಿದ್ದರೆ ಹೇಳಿಬಿಡುತ್ತಿದ್ದೆ, ಬೆಂಚಿನ ಮೇಲೆ ನಿಲ್ಲಿಸಿದ ಮೂರು ವರ್ಷದ ಸಿಟ್ಟು ಇನ್ನೂ ಆರಿರಲಿಲ್ಲ.

"ಬಾಯಿ ಯಾರದ್ದು ಅಂತ ನಾನು ಕಣ್ಣಾರೆ ನೋಡಿಲ್ಲ ಸ್ವಾಮಿ," ಎಂದೆ. "ಆದರೆ ಕೆಲಸ ನನ್ನದು. ನಾನು ಬಾಗಿಲಲ್ಲಿ ಇರಲಿಲ್ಲ. ಮೇಲೆ ಕೂತು, ಬೇರೆಯವರು ರೈಟ್ ಹೇಳುವಂತೆ ಮಾಡಿದ್ದು ನಾನೇ. ಆ ಹೆಂಗಸು ನಿಂತ ಬಸ್ಸನ್ನೇ ಹತ್ತಿದ್ದು."

ದಣಿಗಳು ಕೆಮ್ಮಿದರು. ಇನ್‌ಸ್ಪೆಕ್ಟರು ಪೆನ್ನು ಎತ್ತಿ ನನ್ನನ್ನೇ ನೋಡಿ, ಎಷ್ಟು ಓದಿದ್ದೀಯ ಎಂದು ಕೇಳಿದರು. ಹೇಳಿದೆ. ಬೇರೇನೂ ಕೇಳಲಿಲ್ಲ. ಮಾಸ್ಟ್ರ ಸಾಕ್ಷಿಯೂ ಬೇಕಾಗಲಿಲ್ಲ. ಹೆಂಗಸಿನ ಚಿಕಿತ್ಸೆಯ ಹೊಣೆ ಕಂಪೆನಿಗೆ, ಶೀನಣ್ಣನಿಗೆ ಎಚ್ಚರಿಕೆ, ನನ್ನ ಲೈಸೆನ್ಸ್ ಮೂರು ತಿಂಗಳು ಅಮಾನತು ಎಂದು ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದರು.

ಮೂರು ತಿಂಗಳು ದೋಸೆ ಹೊಯ್ದೆ. ನನ್ನ ಬಸ್ಸಿನಲ್ಲೇ ಹೋಗುತ್ತಿದ್ದವರು ಬಂದು ನನ್ನ ಕೈಯಿಂದ ತಿಂಡಿ ತಿಂದು ಹೋದರು. ಕೆಲಸ ಮತ್ತೆ ಸಿಗುವ ಆಸೆ ಇರಲಿಲ್ಲ. ಆದರೆ ಶೀನಣ್ಣ ದಣಿಗಳ ಎದುರು, ಹೊಸಬನ ರೈಟಿಗೆ ನನ್ನ ಕಾಲು ಕ್ಲಚ್ಚಿನಿಂದ ಏಳುವುದಿಲ್ಲ, ಬಸ್ಸು ದಿನಾ ಅರ್ಧ ಗಂಟೆ ತಡವಾಗುತ್ತದೆ, ನಿಮ್ಮಿಷ್ಟ ಎಂದು ಹೇಳಿದ್ದರು. ಅರ್ಧ ಗಂಟೆ ತಡವಾಗಿಯೇ ತೋರಿಸಿದರು ಕೂಡ. ದಣಿಗಳು ಮುಖ ಊದಿಸಿಕೊಂಡೇ ನನ್ನನ್ನು ಕರೆಸಿದರು.

ಜಲಜಕ್ಕನ ಕೈ ನೆಟ್ಟಗೆ ಕೂಡಲಿಲ್ಲ. ಬುಟ್ಟಿಯನ್ನು ತಲೆಯ ಮೇಲೆ ಹಿಡಿಯಲು ಆಗದೆ ನಿಟ್ಟೆಗೆ ಬರುವುದನ್ನು ಬಿಟ್ಟರು. ಎರ್ಮಾಳಿನ ರಸ್ತೆ ಬದಿಯಲ್ಲೇ ಕೂತು ಮಾರತೊಡಗಿದರು. ಬಸ್ಸು ನಿಂತಾಗಲೆಲ್ಲ, ನಿನ್ನ ರೈಟಿಗೆ ಒಂದು ಬೀಗ ಮಾಡಿಸು ಎಂದು ಎಲ್ಲರಿಗೂ ಕೇಳಿಸುವಂತೆ ಹೇಳುವರು. ನಾನು ತಲೆ ತಗ್ಗಿಸಿ ಮುಂದಿನ ಬುಟ್ಟಿ ಏರಿಸುತ್ತಿದ್ದೆ.

ಆಮೇಲೆ ನಾನು ಎಂದೂ ಮೇಲೆ ಕೂತು ಹೋಗಲಿಲ್ಲ. ಪ್ರತಿ ಊರಿನಲ್ಲೂ ಹತ್ತಿ, ಬುಟ್ಟಿ ಕೊಟ್ಟು, ಇಳಿದು, ಎರಡೂ ಬದಿ ನೋಡಿ ಹೇಳಿದೆ. ಜನ ಎರಡು ವಾರ ಸುಮ್ಮನಿದ್ದರು, ಮೂರನೆಯ ವಾರ ಮತ್ತೆ ಗೊಣಗಿದರು, ಅದರ ಮರುವಾರ ಒಬ್ಬ ಹಿಂದಿನ ಸೀಟಿನಿಂದ ಹಾಯಾಗಿ ರೈಟ್ ಎಂದ. ಒಬ್ಬರ ಕೈ ಮುರಿದದ್ದು ಅರ್ಧ ವರ್ಷದ ನೆನಪಿಗೂ ಸಾಲಲಿಲ್ಲ. ಕೆಲವು ವರ್ಷದ ನಂತರ ದಣಿಗಳು ಹಗ್ಗದ ಗಂಟೆ ಕಟ್ಟಿಸಿದರು; ಹಗ್ಗ ಎಳೆಯದ ಪ್ರಯಾಣಿಕನಿಲ್ಲ. ಹಗ್ಗ ಕಿತ್ತು ಸೀಟಿ ಕೊಟ್ಟರು. ಕಾಲೇಜಿನ ಹುಡುಗರು ನನಗಿಂತ ಚೆನ್ನಾಗಿ ಸೀಟಿ ಹೊಡೆದರು. ಯಂತ್ರ ಏನು ತಂದರೂ ಮಕ್ಕಳೇ, ನೀವು ಕಲಿಯಬೇಕಾದದ್ದು ಒಂದೇ: ಕಣ್ಣಿನಿಂದ ನೋಡದೆ ಬಾಯಿ ತೆರೆಯಬೇಡಿ, ನಿಮ್ಮ ಬಾಯಿಯನ್ನು ಬಾಡಿಗೆಗೆ ಕೊಡಬೇಡಿ.

ಮಾಸ್ಟ್ರು ಅದೇ ಸೀಟಿನಲ್ಲಿ ಇನ್ನೂ ಆರು ವರ್ಷ ಬಂದರು. ಪಾಠ ನಿಂತುಹೋಗಿತ್ತು. ಎಷ್ಟು ತಡವಾದರೂ ಗಡಿಯಾರ ನೋಡುತ್ತಿರಲಿಲ್ಲ. ಅವರು ಕೆಲಸದಿಂದ ನಿವೃತ್ತರಾದ ದಿನ ಕಾಪುವಿನಲ್ಲಿ ಇಳಿಯುವ ಮೊದಲು, ಕೊರಳಲ್ಲಿ ಶಾಲೆಯವರು ಹಾಕಿದ ಮಲ್ಲಿಗೆ ಹಾರ ಇದ್ದ ಹಾಗೆಯೇ, ನನ್ನ ಹತ್ತಿರ ನಿಂತರು.

"ಸಂಜೀವ, ನಿಟ್ಟೆಯಲ್ಲಿ ಆ ದಿನ ಹೇಳಿದ್ದು ನಾನು," ಎಂದರು.

"ಗೊತ್ತುಂಟು ಮಾಸ್ಟ್ರೇ," ಎಂದೆ. "ಜಲಜಕ್ಕನಿಗೆ ಹೇಳಿ. ಅವರು ಎರ್ಮಾಳಿನಲ್ಲಿ ಕೂತಿರುತ್ತಾರೆ."

ಅವರು ಹೋದರೋ ಇಲ್ಲವೋ ನಾನು ವಿಚಾರಿಸಲಿಲ್ಲ. ಅವರು ಕೆಳಗಿಳಿದು, ಬಸ್ಸಿನಿಂದ ನಾಲ್ಕು ಹೆಜ್ಜೆ ದೂರ ಹೋಗಿ, ತಿರುಗಿ ನಿಂತರು. ಎರಡೂ ಬದಿ ನೋಡಿ, ಶೀನಣ್ಣನಿಗೆ ರೈಟ್ ಹೇಳಿದೆ.

ಈಗ ನನ್ನಲ್ಲಿರುವುದು ಇಷ್ಟು: ಕಟಪಾಡಿಯಲ್ಲಿ ಹೆಂಚಿನ ಮನೆ ಒಂದು, ತೆಂಗಿನ ಮರ ಹನ್ನೊಂದು, ಹೆಂಡತಿ, ಮದುವೆಯಾದ ಹೆಣ್ಣುಮಕ್ಕಳು ಇಬ್ಬರು, ಮೆಟ್ಟಿಲು ಕಂಡರೆ ನೋಯುವ ಮೊಣಕಾಲು ಎರಡು, ಕೇಳಿಸುವ ಕಿವಿ ಒಂದು, ಲೈಸೆನ್ಸ್ ಪುಸ್ತಕ ಒಂದು. ಅದರಲ್ಲಿ ಕೆಂಪು ಶಾಯಿಯ ಬರಹ ಒಂದೇ.